ಸೇಶೆಲ್ಸ್‌ನಲ್ಲಿ ಹಾಯಿದೋಣಿ ಪ್ರವಾಸ: ಏಪ್ರಿಲ್ಲೋ, ಜುಲೈಯೋ, ದಸರಾ ರಜೆಯೋ?

ಮೊದಲ ಸಲ ಹಿಂದೂ ಮಹಾಸಾಗರದ ದ್ವೀಪದೇಶ ಸೇಶೆಲ್ಸ್‌ಗೆ ಹೊರಟಾಗ ನಾವು ತಿಂಗಳು ಆರಿಸಿದ್ದು ಮಳೆಯ ಪಟ್ಟಿ ನೋಡಿ. ರಾಜಧಾನಿ ವಿಕ್ಟೋರಿಯಾದಲ್ಲಿ ಜನವರಿಯ ಸರಾಸರಿ ಮಳೆ ಸುಮಾರು 380 ಮಿ.ಮೀ., ಜುಲೈಯದ್ದು ಬರೀ 80ರ ಆಸುಪಾಸು. ಇನ್ನು ಯೋಚಿಸುವುದೇನಿದೆ? ಜುಲೈಗೆ ಟಿಕೆಟ್ ಮಾಡಿದೆವು. ಕುಂದಾಪುರದ ಕಡೆ ಬೆಳೆದವನಿಗೆ ಜುಲೈ ತಿಂಗಳಲ್ಲಿ ಬಿಸಿಲು ಬಿದ್ದ ಕಡಲು ಸಿಗುತ್ತದೆ ಎಂದರೆ ಅದೇ ದೊಡ್ಡ ಆಮಿಷ.

ಮಳೆ ಬರಲಿಲ್ಲ, ಅದು ನಿಜ. ಆದರೆ ದೋಣಿ ಬಂದರಿನ ಮರೆ ದಾಟಿ ಅರ್ಧ ಗಂಟೆ ಆಗುವಷ್ಟರಲ್ಲಿ ಒಲೆಯ ಪಕ್ಕದಲ್ಲಿಟ್ಟಿದ್ದ ಕುಕ್ಕರ್ ಜಾರಿ ನೆಲಕ್ಕೆ ಬಿತ್ತು. ಮಗಳು ಬಕೆಟ್ ತಬ್ಬಿಕೊಂಡು ಕೂತಳು. ಹೆಂಡತಿ ಹಸಿ ಶುಂಠಿಯ ಚೂರು ಬಾಯಲ್ಲಿಟ್ಟುಕೊಂಡು ದಿಗಂತವನ್ನೇ ನೋಡುತ್ತಿದ್ದಳು, ನನ್ನನ್ನಲ್ಲ. ಭಾವ ಮಾತ್ರ ದೋಣಿ ನಡೆಸುವ ಸ್ಕಿಪ್ಪರ್ ಪಕ್ಕದಲ್ಲಿ ನಿಂತು, "ಇದಪ್ಪಾ ಸೈಲಿಂಗ್ ಅಂದ್ರೆ!" ಎಂದು ಕೂಗುತ್ತಿದ್ದ. ಒಂದೇ ದೋಣಿ, ಒಂದೇ ಗಾಳಿ. ಒಬ್ಬನಿಗೆ ಜೀವಮಾನದ ದಿನ, ಇನ್ನಿಬ್ಬರಿಗೆ ಶಿಕ್ಷೆ.

ಆ ಮೇಲೆ ಇನ್ನೊಂದು ಸಲ ಏಪ್ರಿಲ್‌ನಲ್ಲಿ ಹೋಗಿ ಬಂದೆವು. ಎರಡೂ ಸೇರಿ ಕಲಿಸಿದ್ದು ಇಷ್ಟು: ರೆಸಾರ್ಟಿನಲ್ಲಿ ಉಳಿಯುವವರು ಮಳೆ ನೋಡಿ ತಿಂಗಳು ಆರಿಸಿಕೊಳ್ಳಲಿ; ದೋಣಿಯಲ್ಲೇ ಉಂಡು, ದೋಣಿಯಲ್ಲೇ ಮಲಗುವವರು ಗಾಳಿ ನೋಡಿ ಆರಿಸಬೇಕು. ಸೇಶೆಲ್ಸ್‌ನಲ್ಲಿ ಮಳೆ ಕಮ್ಮಿಯಾಗುವ ಕಾಲವೇ ಕಡಲು ಏಳುವ ಕಾಲ. ಮಳೆಗಾಲ, ಚಳಿಗಾಲ, ಬೇಸಿಗೆ ಎಂದು ಲೆಕ್ಕ ಹಾಕುವ ನಮ್ಮ ತಲೆಗೆ ಇದು ಬೇಗ ಇಳಿಯುವುದಿಲ್ಲ.

ಎರಡು ಗಾಳಿ, ಎರಡು ಬಿಡುವು

ಸೇಶೆಲ್ಸ್‌ಗೆ 115 ದ್ವೀಪಗಳಿವೆ ಎನ್ನುತ್ತಾರೆ. ಹಾಯಿದೋಣಿಯವರು ಸುತ್ತುವುದು ನಡುವಿನ ಕಲ್ಲುಬಂಡೆಯ ದ್ವೀಪಗಳನ್ನು: ಮಾಹೆ, ಪ್ರಾಸ್ಲಿನ್, ಲಾ ಡೀಗ್, ಕ್ಯೂರಿಯೂಸ್, ಇನ್ನೊಂದಷ್ಟು ಪುಡಿ ದ್ವೀಪಗಳು. (ಈ ಮಾಹೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯವಲ್ಲ, ಮಂಗಳೂರಿನವರು ಅಗ್ಗದ ಬಾಟಲಿಗಾಗಿ ನೆನೆಯುವ, ಕೇರಳದ ನಡುವಿನ ಪುದುಚೇರಿಯ ಮಾಹೆಯೂ ಅಲ್ಲ.) ವಿಮಾನ ಇಳಿಯುವುದು ಮಾಹೆಯಲ್ಲಿ, ಬಾಡಿಗೆ ದೋಣಿಗಳ ಮುಖ್ಯ ನೆಲೆಯೂ ಅಲ್ಲೇ, ವಿಕ್ಟೋರಿಯಾಕ್ಕೆ ಹತ್ತಿರದ ಈಡನ್ ಐಲ್ಯಾಂಡ್ ಮರೀನಾದಲ್ಲಿ.

ಈ ದ್ವೀಪಗಳಿರುವುದು ಸಮಭಾಜಕ ವೃತ್ತದಿಂದ ನಾಲ್ಕೂವರೆ ಡಿಗ್ರಿಯಷ್ಟು ದಕ್ಷಿಣಕ್ಕೆ. ಅಷ್ಟು ಹತ್ತಿರದಲ್ಲಿ ಭೂಮಿಯ ತಿರುಗುವಿಕೆ ಗಾಳಿಯನ್ನು ಸುರುಳಿ ಸುತ್ತಿಸುವಷ್ಟು ಬಲವಾಗಿ ತಿರುವುವುದಿಲ್ಲ. ಹಾಗಾಗಿ ಚಂಡಮಾರುತಗಳ ದಾರಿ ಈ ನಡುವಿನ ದ್ವೀಪಗಳಿಗಿಂತ ದಕ್ಷಿಣದಲ್ಲೇ ಉಳಿಯುತ್ತದೆ. ದೂರದ ಹೊರದ್ವೀಪಗಳ ಕತೆ ಬೇರೆ. 2016ರ ಏಪ್ರಿಲ್‌ನಲ್ಲಿ ಫಂಟಾಲಾ ಚಂಡಮಾರುತ ಫಾರ್ಕ್ವಾರ್ ದ್ವೀಪಸ್ತೋಮವನ್ನು ಜಜ್ಜಿಹಾಕಿತ್ತು. ಆದರೆ ಅದು ಮಾಹೆಯಿಂದ ಬಲು ದೂರ, ಬಾಡಿಗೆ ದೋಣಿಗಳು ಹೋಗುವ ಜಾಗವೂ ಅಲ್ಲ.

ಇನ್ನು ಗಾಳಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬೀಸುವುದು ಆಗ್ನೇಯದ ಗಾಳಿ. ಅದೇ ಗಾಳಿ ಸಮಭಾಜಕ ದಾಟಿ, ಬಲಕ್ಕೆ ತಿರುಗಿ, ದಾರಿಯುದ್ದಕ್ಕೂ ಕಡಲಿನ ನೀರು ಹೀರಿಕೊಂಡು ನಮ್ಮ ಕರಾವಳಿಗೆ ನೈಋತ್ಯ ಮುಂಗಾರಾಗಿ ಬರುತ್ತದೆ. ಆಗುಂಬೆಯಲ್ಲಿ ಸುರಿಯುವ ಹೊತ್ತಿಗೆ ಸೇಶೆಲ್ಸ್‌ನಲ್ಲಿ ಒಣ ಹವೆಯಿದ್ದು ಗಾಳಿ ಮಾತ್ರ ಜೋರಾಗಿರುವುದು ಹೀಗೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಇದು ತಿರುಗುಮುರುಗು: ನಮ್ಮ ಕಡೆಯ ಈಶಾನ್ಯದ ಗಾಳಿ ಸಮಭಾಜಕ ದಾಟಿ, ಎಡಕ್ಕೆ ಹೊರಳಿ, ಅಲ್ಲಿಗೆ ವಾಯವ್ಯದಿಂದ ಬರುತ್ತದೆ. ನಮ್ಮ ಒಣ ಚಳಿಗಾಲ ಅವರಿಗೆ ಮಳೆಗಾಲ. ಈ ಎರಡು ಗಾಳಿಗಳು ಪಾಳಿ ಬದಲಿಸುವ ಬಿಡುವು ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್ ನಡುವಿನಿಂದ ನವೆಂಬರ್‌ವರೆಗೆ ಇನ್ನೊಮ್ಮೆ.

ಹೀಗೆ ಆಯ್ಕೆ ನಾಲ್ಕು. ಬಿಸಿಲು, ನೀರಿನ ಬಿಸಿ ಇವುಗಳಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವರ್ಷವಿಡೀ 24ರಿಂದ 31 ಡಿಗ್ರಿ, ಸಂಜೆ ಆರೂಕಾಲು ಆರೂವರೆಗೆ ಸೂರ್ಯಾಸ್ತ. ವ್ಯತ್ಯಾಸವೆಲ್ಲ ಗಾಳಿಯದ್ದು.

ಜೂನ್–ಆಗಸ್ಟ್: ಗಾಳಿ ಬೇಕೆಂದವರಿಗೆ

ಆಗ್ನೇಯದ ಗಾಳಿ ಜುಲೈ, ಆಗಸ್ಟ್‌ನಲ್ಲಿ ತುದಿ ಮುಟ್ಟುತ್ತದೆ. ಸಾಮಾನ್ಯವಾಗಿ 15ರಿಂದ 20 ನಾಟ್, ನಡುನಡುವೆ 25 ದಾಟುವ ಹೊಡೆತ. 20 ನಾಟ್ ಎಂದರೆ ಗಂಟೆಗೆ 37 ಕಿ.ಮೀ. ಹೆಲ್ಮೆಟ್ಟಿಲ್ಲದೆ ಸ್ಕೂಟರಿನಲ್ಲಿ ಹೋಗುವಾಗ ಮುಖಕ್ಕೆ ಬಡಿಯುವ ಗಾಳಿ ಎಂದುಕೊಳ್ಳಿ, ಬೆಳಗಿನಿಂದ ಸಂಜೆಯವರೆಗೆ, ನಿಲ್ಲದೆ.

ಆವತ್ತು ಸ್ಕಿಪ್ಪರ್ ಮರೀನಾದಿಂದ ಹೊರಡುವ ಮೊದಲೇ ದೊಡ್ಡ ಹಾಯಿಯನ್ನು ಎರಡು ಮಡಿಕೆ ಇಳಿಸಿ ಕಟ್ಟಿದ. ನೀರು ಕೆರೆಯ ಹಾಗಿತ್ತು. ಇವನೇನು ಇಷ್ಟು ಪುಕ್ಕಲು ಎಂದು ನನಗನ್ನಿಸಿತು. ಸೇಂಟ್ ಆನ್ ದ್ವೀಪದ ಮರೆ ದಾಟಿದ್ದೇ ಬಲಗಡೆಯಿಂದ ಮೊದಲ ಅಲೆ ನಮ್ಮ ಜೋಡಿ ಒಡಲಿನ ದೋಣಿಯ ಒಂದು ಒಡಲನ್ನು ಎತ್ತಿತು, ಆ ಒಡಲು ಇಳಿಯುವ ಮೊದಲೇ ಇನ್ನೊಂದನ್ನು ಎತ್ತಿತು. ಇಂಥ ಜೋಡಿ ಒಡಲಿನ ದೋಣಿ, ಅಂದರೆ ಕ್ಯಾಟಮರಾನ್, ಮಗುಚಿದಂತೆ ವಾಲುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಸರಿಯೇ. ಆದರೆ ಅಲೆ ಪಕ್ಕದಿಂದ ಬಂದಾಗ ಅದು ಜಟಕಾ ಬಂಡಿಯಂತೆ ಕುಲುಕುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಪಕ್ಕದಿಂದಲೇ ಏಕೆ ಬರುತ್ತದೆ ಎಂಬುದನ್ನು ನಕಾಶೆ ಹೇಳುತ್ತದೆ. ಮಾಹೆಯಿಂದ ಪ್ರಾಸ್ಲಿನ್ ಸರಿಯಾಗಿ ಈಶಾನ್ಯಕ್ಕಿದೆ, ಮರೀನಾದಿಂದ 25 ನಾಟಿಕಲ್ ಮೈಲಿಯ (ಸುಮಾರು 46 ಕಿ.ಮೀ.) ಹತ್ತಿರ. ಆಗ್ನೇಯದ ಗಾಳಿಯಾಗಲಿ ವಾಯವ್ಯದ ಗಾಳಿಯಾಗಲಿ ಈ ದಾರಿಗೆ ಅಡ್ಡಲಾಗಿಯೇ ಬೀಸುತ್ತದೆ. ಹಾಯಿ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯ ಗಾಳಿ ಇಲ್ಲ. ಹೋಗುವಾಗಲೂ ಬರುವಾಗಲೂ ಪಕ್ಕಗಾಳಿ, ಒಮ್ಮೆಯೂ ಗಾಳಿಗೆ ಎದುರಾಗಿ ಹೆಣಗಬೇಕಿಲ್ಲ, ಎಂಜಿನ್ ಮುಟ್ಟದೆ ಮೂರೂವರೆ ನಾಲ್ಕು ಗಂಟೆಯಲ್ಲಿ ಆ ದಡ. ಹೊಟ್ಟೆ ಗಟ್ಟಿಯಿಲ್ಲದವರಿಗೆ ಅದೇ ನಾಲ್ಕು ಗಂಟೆ ನಾಲ್ಕು ಯುಗ.

ಈ ಕಾಲದ ಇನ್ನೆರಡು ಕೊರತೆ. ನೀರು ಕಲಕಿ ಮಬ್ಬಾಗಿರುತ್ತದೆ, ಸ್ನಾರ್ಕೆಲ್ (ಉಸಿರಾಟದ ಕೊಳವೆ) ಹಾಕಿ ಇಳಿದರೆ ಕೈಗೆಟಕುವಷ್ಟು ದೂರದ ಮೀನು ಕಾಣುತ್ತದೆ, ಅದರಾಚೆಯದ್ದು ಕಾಣುವುದಿಲ್ಲ. ಗಾಳಿಗೆ ಮುಖ ಮಾಡಿದ ಕೆಲವು ಕಡಲತೀರಗಳಲ್ಲಿ, ಉದಾಹರಣೆಗೆ ಪ್ರಾಸ್ಲಿನ್‌ನ ಗ್ರಾಂಡ್ ಆನ್ಸ್‌ನಲ್ಲಿ, ಕಡಲಪಾಚಿ ರಾಶಿ ಬೀಳುತ್ತದೆ. ಇಷ್ಟಾದರೂ ಜುಲೈ, ಆಗಸ್ಟ್ ಯುರೋಪಿನವರ ಬೇಸಿಗೆ ರಜೆ, ಆದ್ದರಿಂದ ಬಾಡಿಗೆಯೂ ಮೇಲೆಯೇ.

ನನ್ನ ಅಭಿಪ್ರಾಯ ಕೇಳಿದರೆ, ಗಾಳಿ ಬೇಕು ಆದರೆ ಒದೆ ಬೇಡ ಎನ್ನುವವರು ಈ ಕಾಲದ ಎರಡು ಅಂಚುಗಳನ್ನು ಹಿಡಿಯಬೇಕು: ಮೇ ಎರಡನೇ ಅರ್ಧ, ಇಲ್ಲವೇ ಸೆಪ್ಟೆಂಬರ್ ಕೊನೆ. ಹಾಯಿ ತುಂಬುವಷ್ಟು ಗಾಳಿ ಇರುತ್ತದೆ, ಕುಕ್ಕರ್ ಜಾರುವಷ್ಟು ಸಾಮಾನ್ಯವಾಗಿ ಇರುವುದಿಲ್ಲ.

ಏಪ್ರಿಲ್: ಕೆರೆಯಂಥ ಕಡಲು

ಎರಡನೇ ಸಲ ನಾವು ಹೋದದ್ದು ಏಪ್ರಿಲ್ ಮೂರನೇ ವಾರ. ಅದೇ ಮಾಹೆ–ಪ್ರಾಸ್ಲಿನ್ ದಾರಿ. ಹಾಯಿ ಏರಿಸಿದರೆ ಹಗ್ಗದ ಮೇಲೆ ಒಣಹಾಕಿದ ಸೀರೆಯ ಹಾಗೆ ಜೋತುಬಿತ್ತು. ಸ್ಕಿಪ್ಪರ್ ಹತ್ತು ನಿಮಿಷ ಕಾದು, ನಮ್ಮ ಮುಖ ನೋಡಿ ನಕ್ಕು, ಎಂಜಿನ್ ಚಾಲು ಮಾಡಿದ. ಆ ವಾರದಲ್ಲಿ ಹಾಯಿಯ ಮೇಲೆ ಓಡಿದ್ದು ಒಟ್ಟು ಮೂರು ಗಂಟೆ ಇದ್ದೀತು. ಕೊನೆಗೆ ಡೀಸೆಲ್ ಲೆಕ್ಕ ಕೊಟ್ಟಾಗ ಭಾವನ ಗೊಣಗಾಟ: "ಎತ್ತಿನ ಗಾಡಿ ಬಾಡಿಗೆಗೆ ತಗೊಂಡು ಟ್ರ್ಯಾಕ್ಟರ್‌ನಿಂದ ಎಳೆಸಿದ ಹಾಗಾಯ್ತು."

ಆದರೆ ಮಗಳನ್ನು ಕೇಳಿ ನೋಡಿ. ಅವಳಿಗೆ ಸೇಶೆಲ್ಸ್ ಎಂದರೆ ಆ ಏಪ್ರಿಲ್. ಲಂಗರು ಬಿಟ್ಟ ಜಾಗದಲ್ಲಿ ದೋಣಿಯ ಅಂಚಿನಿಂದ ಬಗ್ಗಿದರೆ ಸರಪಳಿ ತಳದ ಮರಳಿನ ಮೇಲೆ ಮಲಗಿರುವುದು ಕಾಣುತ್ತಿತ್ತು, ಅದರ ಕೊಂಡಿ ಕೊಂಡಿ ಎಣಿಸಬಹುದಿತ್ತು. ಗಾಳಿ ಪಾಳಿ ಬದಲಿಸುವ ಈ ಹೊತ್ತಿನಲ್ಲಿ ನೀರೊಳಗೆ 30 ಮೀಟರ್‌ವರೆಗೂ ಕಾಣುವ ದಿನಗಳುಂಟು. ನೀರಿನ ಬಿಸಿ 29 ಡಿಗ್ರಿ, ಬಚ್ಚಲ ಹಂಡೆಯಲ್ಲಿ ಬೆಳಗ್ಗೆ ಉಳಿದ ನೀರಿನ ಹಾಗೆ. ಹೆಂಡತಿ ಅಡುಗೆಕಟ್ಟೆಯ ಮೇಲೆ ಲೋಟದ ತುಂಬ ಕಾಫಿ ಇಟ್ಟು ಮರೆತು ಹೋದಳು, ಅರ್ಧ ಗಂಟೆ ಬಿಟ್ಟು ಬಂದರೆ ಲೋಟ ಅಲ್ಲೇ ಇತ್ತು. ಅವಳ ಮಟ್ಟಿಗೆ ಇಡೀ ಪ್ರವಾಸದ ಸಾರ್ಥಕತೆ ಅದು.

ರಾತ್ರಿಯದ್ದೊಂದು ತೊಂದರೆ ಇದೆ. ಗಾಳಿಯಿಲ್ಲದ ಏಪ್ರಿಲ್‌ನಲ್ಲಿ ದೋಣಿಯ ಒಳಕೋಣೆ ಹಬೆಪಾತ್ರೆಯ ಹಾಗೆ ಬೇಯುತ್ತದೆ. ಏಸಿ ಇದ್ದರೂ ಅದಕ್ಕೆ ಜನರೇಟರ್ ಓಡಬೇಕು, ಅದರ ಸದ್ದಿಗೆ ನಿದ್ದೆ ಬರುವುದಿಲ್ಲ. ನಾವು ಎರಡನೇ ರಾತ್ರಿಯಿಂದ ಚಾಪೆ, ದಿಂಬು ಎತ್ತಿಕೊಂಡು ಮುಂಭಾಗದಲ್ಲಿ ಎರಡು ಒಡಲುಗಳ ನಡುವೆ ಕಟ್ಟಿರುವ ಬಲೆಯ ಮೇಲೆ ಮಲಗಿದೆವು. ಒಮ್ಮೊಮ್ಮೆ ನಸುಕಿನಲ್ಲಿ ಐದು ನಿಮಿಷದ ಮಳೆ ಬಂದು ಎಲ್ಲರನ್ನೂ ಎಬ್ಬಿಸುತ್ತಿತ್ತು. ಜುಲೈಯಲ್ಲಿ ಈ ತೊಂದರೆ ಇರಲಿಲ್ಲ. ಮೇಲಿನ ಕಿಂಡಿ ತೆರೆದರೆ ಸಾಕು, ಹೊದಿಕೆ ಹುಡುಕಬೇಕಾಗುತ್ತಿತ್ತು.

ಅಕ್ಟೋಬರ್–ನವೆಂಬರ್, ಮತ್ತು ದಸರಾದ ಲೆಕ್ಕ

ಕಡಲಿನ ಮಟ್ಟಿಗೆ ಇದು ಏಪ್ರಿಲ್‌ನ ತಮ್ಮ. ಮಳೆ ಸ್ವಲ್ಪ ಹೆಚ್ಚು, ತಿಂಗಳಿಗೆ 200 ಮಿ.ಮೀ. ಮೇಲೆ, ಬೆಂಗಳೂರಿನ ಸೆಪ್ಟೆಂಬರ್ ಎಂದುಕೊಳ್ಳಿ, ಸುರಿದು ನಿಲ್ಲುವ ಮಳೆ. ಆದರೆ ಏಪ್ರಿಲ್‌ನಲ್ಲಿ ಸಿಗದ ಒಂದು ನೋಟ ಈ ಕಾಲಕ್ಕಿದೆ. ಹಾಕ್ಸ್‌ಬಿಲ್ ಆಮೆಗಳು ಮೊಟ್ಟೆಯಿಡಲು ದಡಕ್ಕೆ ಬರುವ ಮುಖ್ಯ ಕಾಲ ಅಕ್ಟೋಬರ್‌ನಿಂದ ಜನವರಿ. ಬೇರೆ ಕಡೆ ಇವು ಹೆಚ್ಚಾಗಿ ರಾತ್ರಿ ಬರುತ್ತವೆ, ಸೇಶೆಲ್ಸ್‌ನಲ್ಲಿ ಹಾಡಹಗಲೇ ತೆವಳಿಕೊಂಡು ಬರುತ್ತವೆ. ಪ್ರಾಸ್ಲಿನ್ ಪಕ್ಕದ ಕಸಿನ್ ದ್ವೀಪ ಇದಕ್ಕೆ ಹೆಸರಾದದ್ದು. ಅಲ್ಲಿಗೆ ನಿಮ್ಮ ದೋಣಿಯಿಂದ ನೇರ ಇಳಿಯುವ ಹಾಗಿಲ್ಲ. ಹೊರಗಿನ ಇಲಿ ದ್ವೀಪಕ್ಕೆ ಸೇರಬಾರದೆಂದು ಕಾವಲುಗಾರರೇ ತಮ್ಮ ದೋಣಿಯಲ್ಲಿ ಕರೆದುಕೊಂಡು ಹೋಗಿ ದಡ ಮುಟ್ಟಿಸುತ್ತಾರೆ.

ಕರ್ನಾಟಕದಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ಇಲ್ಲೊಂದು ಅದೃಷ್ಟವಿದೆ. ನಮ್ಮ ಎರಡು ದೊಡ್ಡ ರಜೆಗಳು, ಬೇಸಿಗೆಯದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶುರುವಾಗುವುದು, ದಸರಾ ರಜೆ ಅಕ್ಟೋಬರ್ ಸುಮಾರಿಗೆ ಬರುವುದು. ಎರಡೂ ಆ ಕಡಲಿನ ಬಿಡುವಿನ ಮೇಲೆ ಬೀಳುತ್ತವೆ. ಬೇಸಿಗೆ ರಜೆಯಲ್ಲಿ ಹೋಗುವುದಾದರೆ ಏಪ್ರಿಲ್ ಒಳಗೇ ಮುಗಿಸಿ, ಮೇ ಕೊನೆಗೆ ತಳ್ಳಬೇಡಿ. ಈಸ್ಟರ್ ವಾರ ಮಾತ್ರ ತಪ್ಪಿಸಿ, ಆಗ ಯುರೋಪಿನ ರಜೆ, ದೋಣಿಗಳು ದುಬಾರಿ.

ದಸರಾದ್ದು ಸ್ವಲ್ಪ ಸೂಕ್ಷ್ಮ. ಹಬ್ಬ ಪಂಚಾಂಗದ ಪ್ರಕಾರ ಹಿಂದೆ ಮುಂದೆ ಓಡಾಡುತ್ತದೆ, ಗಾಳಿಗೆ ಪಂಚಾಂಗ ಗೊತ್ತಿಲ್ಲ. 2023ರಲ್ಲಿ ವಿಜಯದಶಮಿ ಅಕ್ಟೋಬರ್ 24ಕ್ಕೆ ಬಂದಿತ್ತು, 2025ರಲ್ಲಿ ಅಕ್ಟೋಬರ್ 2ಕ್ಕೇ. ಮೂರು ವಾರದ ಅಂತರ. ಹಬ್ಬ ತಡವಾಗಿ ಬಂದ ವರ್ಷ ನಿಮಗೆ ಸಿಗುವುದು ಬಿಡುವಿನ ಕಡಲು. ಬೇಗ ಬಂದ ವರ್ಷ ಆಗ್ನೇಯದ ಗಾಳಿ ಇನ್ನೂ ಪೂರ್ತಿ ಮನೆಗೆ ಹೋಗಿರುವುದಿಲ್ಲ. ಅಂಥ ವರ್ಷ ದಸರಾ ಬಿಟ್ಟು ದೀಪಾವಳಿಯ ಆಚೀಚೆ ಒಂದು ವಾರ ಶಾಲೆಗೆ ರಜೆ ಹಾಕಿಸುವುದು ಮೇಲು. ಮಾಸ್ತರರಿಗೆ ಏನು ಹೇಳಬೇಕೆಂಬುದು ನಿಮಗೆ ಬಿಟ್ಟದ್ದು.

ಡಿಸೆಂಬರ್–ಮಾರ್ಚ್

ಎಲ್ಲರೂ ಬೇಡ ಎನ್ನುವ ಕಾಲ ಇದು. ನಾನು ಅಷ್ಟು ಖಡಾಖಂಡಿತವಾಗಿ ಹೇಳಲಾರೆ. ಜನವರಿಯ 380 ಮಿ.ಮೀ. ಕೇಳಿ ಲಂಡನ್ನಿನವರು ಬೆದರಬಹುದು, ಜುಲೈ ಒಂದೇ ತಿಂಗಳಲ್ಲಿ ಸಾವಿರ ದಾಟಿಸುವ ಕರಾವಳಿಯವರು ಬೆದರುವಂಥದ್ದೇನಲ್ಲ. ಹೊಡೆದು ಸುರಿಯುತ್ತದೆ, ತೆರವಾಗುತ್ತದೆ, ಮತ್ತೆ ಬಿಸಿಲು. ವಾಯವ್ಯದ ಗಾಳಿ ಆಗ್ನೇಯದ್ದಕ್ಕಿಂತ ಮೃದು, ಬಹುಪಾಲು ದಿನ 8ರಿಂದ 12 ನಾಟ್. ಕಾಡುವುದು ಸೆಖೆ, ಮತ್ತು ಕಪ್ಪು ಮೋಡದ ಕೆಳಗೆ ದಿಢೀರನೆ ಬಂದು ಹದಿನೈದು ನಿಮಿಷ ಕುಣಿಸಿ ಹೋಗುವ ಗಾಳಿ. ಒಮ್ಮೊಮ್ಮೆ ದೂರದ ಚಂಡಮಾರುತದ ಬಾಲ ಬಡಿದು ದಿನಗಟ್ಟಲೆ ಮಳೆ ಹಿಡಿಯುವುದೂ ಉಂಟು. 2013ರ ಜನವರಿ ಕೊನೆಯಲ್ಲಿ ಫೆಲೆಂಗ್ ಚಂಡಮಾರುತದ ದೆಸೆಯಿಂದ ಮಾಹೆಯಲ್ಲಿ ನೆರೆಯೇ ಬಂದಿತ್ತು.

ಕ್ರಿಸ್‌ಮಸ್, ಹೊಸ ವರ್ಷದ ಎರಡು ವಾರ ಬೇಡವೇ ಬೇಡ: ದರ ಆಕಾಶದಲ್ಲಿ, ಮಳೆಯೂ ಆಕಾಶದಲ್ಲಿ. ಫೆಬ್ರುವರಿ, ಮಾರ್ಚ್ ಆಗಬಹುದು, ವಯಸ್ಸಾದ ತಂದೆತಾಯಿ ಜೊತೆಯಲ್ಲಿ ಇಲ್ಲದಿದ್ದರೆ.

ಯಾವ ದಡದಲ್ಲಿ ಲಂಗರು?

ದರಪಟ್ಟಿಯಲ್ಲಿ, ಫೋಟೊಗಳಲ್ಲಿ ಕಾಣದ ವಿಷಯ ಇದು, ಆದರೆ ನಿಮ್ಮ ಪ್ರವಾಸದ ಅರ್ಧ ಭಾಗ ಇದೇ. ಬಾಡಿಗೆ ದೋಣಿಗಳು ಸಾಮಾನ್ಯವಾಗಿ ರಾತ್ರಿ ಓಡುವುದಿಲ್ಲ. ಹೊತ್ತು ಮುಳುಗುವ ಮೊದಲು ಲಂಗರು ಬಿಡಬೇಕು. ಗಾಳಿ ಬರುವ ಕಡೆಗೆ ಬೆನ್ನು ಮಾಡಿದ ಕೊಲ್ಲಿಯಲ್ಲಿ ಬಿಟ್ಟರೆ ನಿದ್ದೆ, ಮುಖ ಮಾಡಿದ ಕೊಲ್ಲಿಯಲ್ಲಿ ಬಿಟ್ಟರೆ ಜಾಗರಣೆ. ಹಾಗಾಗಿ ಯಾವ ತಿಂಗಳು ಎಂಬುದು ಯಾವ ಕಡಲತೀರ ಎಂಬುದನ್ನೂ ತೀರ್ಮಾನಿಸುತ್ತದೆ.

ಪ್ರಾಸ್ಲಿನ್‌ನ ವಾಯವ್ಯ ತುದಿಯಲ್ಲಿರುವ ಆನ್ಸ್ ಲಾಜಿಯೊ, ಮಾಹೆಯ ಅದೇ ಮಗ್ಗುಲಿನ ಬೋ ವಲೋನ್, ಇವೆರಡೂ ಜುಲೈಯಲ್ಲಿ ತೊಟ್ಟಿಲು. ಹೊರಗೆ ಅಷ್ಟು ಗಾಳಿಯಿದ್ದರೂ ಒಳಗೆ ಬಂದ ಮೇಲೆ ಮಗಳು ಅನ್ನ ಸಾರು ಕೇಳಿ ಉಂಡಳು. ಇದೇ ಎರಡು ಜಾಗ ಜನವರಿಯಲ್ಲಿ ಅಲೆಗೆ ಎದೆಯೊಡ್ಡಿ ನಿಂತಿರುತ್ತವೆ; ಆಗ ಮಾಹೆಯ ಪೂರ್ವದ ಮಗ್ಗುಲು ಶಾಂತ. ಲಾ ಡೀಗ್‌ನ ಪೂರ್ವದ ಗ್ರಾಂಡ್ ಆನ್ಸ್ ಫೋಟೊದಲ್ಲಿ ಎಷ್ಟು ಚೆಂದವಿದ್ದರೂ ಆಗ್ನೇಯ ಗಾಳಿಯ ತಿಂಗಳುಗಳಲ್ಲಿ ಅಲ್ಲಿ ನೀರಿಗಿಳಿಯಬೇಡಿ, ಒಳಸೆಳೆತ ಜೋರು. ಏಪ್ರಿಲ್, ನವೆಂಬರ್‌ನಲ್ಲಿ ಮಾತ್ರ ಹೆಚ್ಚುಕಮ್ಮಿ ಎಲ್ಲ ಕೊಲ್ಲಿಗಳೂ ಬಾಗಿಲು ತೆರೆದಿರುತ್ತವೆ. ಆ ಎರಡು ತಿಂಗಳ ನಿಜವಾದ ಲಾಭ ನನ್ನ ಪ್ರಕಾರ ಇದೇ, ನೀರಿನ ತಿಳಿಗಿಂತಲೂ.

ಗಾಳಿ ಜೋರಾಗಿ ಒಂದು ದಿನ ದೋಣಿ ಬಿಡುವ ಹಾಗಿಲ್ಲ ಎಂದಾದರೆ ಪ್ರಾಸ್ಲಿನ್‌ನಲ್ಲಿ ಸಿಕ್ಕಿಕೊಳ್ಳುವಂತೆ ನೋಡಿಕೊಳ್ಳಿ. ಅಲ್ಲಿನ ವ್ಯಾಲೀ ದ ಮೇ ಕಾಡು 1983ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಜೋಡಿ ಹೋಳಿನ ಕಡಲತೆಂಗು ಬೆಳೆಯುವ ತವರು. ಹಿಂದೆ ಈ ಕಾಯಿಗಳು ಕಡಲಲ್ಲಿ ತೇಲಿ ಮಾಲ್ಡೀವ್ಸ್‌ವರೆಗೂ ಬರುತ್ತಿದ್ದವು, ಮರ ಎಲ್ಲಿದೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಸಾಧುಗಳ ಕೈಯ ಕಪ್ಪು ಕಮಂಡಲ ಎಷ್ಟೋ ಸಲ ಇದೇ ಚಿಪ್ಪು. ಊಟಕ್ಕೂ ತೊಂದರೆಯಿಲ್ಲ: ಜೀಗುಜ್ಜೆ ಅಲ್ಲಿ ಮನೆಮನೆಯದ್ದು, ಹೋಳು ಮಾಡಿ ತೆಂಗಿನಹಾಲಿನಲ್ಲಿ ಬೇಯಿಸುತ್ತಾರೆ. ನಮ್ಮವಳು ಅದಕ್ಕೆ ಒಗ್ಗರಣೆ ಹಾಕಿದಳು, ಸ್ಕಿಪ್ಪರ್ ಎರಡು ಸಲ ಬಡಿಸಿಕೊಂಡ.

ಬೇರೆ ಕಡಲು ನೋಡುವವರಿಗೆ

ಡಿಸೆಂಬರ್ ರಜೆಯೇ ಸಿಗುವುದು, ಬೇರೆ ದಾರಿಯಿಲ್ಲ ಎನ್ನುವವರು ಸೇಶೆಲ್ಸ್ ಬಿಟ್ಟು ಥಾಯ್ಲೆಂಡಿನ ಫುಕೆಟ್ ನೋಡಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಆ ಪಶ್ಚಿಮದ ಮಗ್ಗುಲಿಗೆ ಒಣ ಹವೆ, ಹದವಾದ ಗಾಳಿ. ಅದೇ ದೇಶದ ಪೂರ್ವದ ಕೊ ಸಮುಯಿಯಲ್ಲಿ ನವೆಂಬರ್‌ನಲ್ಲಿ ಹುಯ್ಯುತ್ತಿರುತ್ತದೆ, ಮೋಸ ಹೋಗಬೇಡಿ. ಅಮೆರಿಕದಲ್ಲಿರುವ ಕನ್ನಡದವರಿಗೆ ಹತ್ತಿರದ್ದು ಕೆರಿಬಿಯನ್ ಕಡಲಿನ ಬ್ರಿಟಿಷ್ ವರ್ಜಿನ್ ದ್ವೀಪಗಳು. ಅಲ್ಲಿ ಹರಿಕೇನ್, ಅಂದರೆ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಬಂದು ಬಾಡಿಗೆ ದೋಣಿಗಳನ್ನು ಆಟಿಕೆಯಂತೆ ರಾಶಿ ಹಾಕಿತ್ತು. ಮಾರ್ಚ್, ಏಪ್ರಿಲ್ ಅಲ್ಲಿ ಹದ.

ಸೇಶೆಲ್ಸೇ ಎಂದಾದರೆ: ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಡ, ಹೊರಡುವ ಮೊದಲು ಆನ್‌ಲೈನಿನಲ್ಲಿ ಪ್ರಯಾಣದ ಅನುಮತಿ ತೆಗೆದುಕೊಂಡರೆ ಸಾಕು. ಮುಂಬೈಯಿಂದ ನೇರ ಹಾರಾಟ ನಾಲ್ಕೂಕಾಲು ನಾಲ್ಕೂವರೆ ಗಂಟೆ, ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ. ದೋಣಿ ನಡೆಸಲು ಪರವಾನಗಿ, ಅನುಭವ ಎರಡೂ ಇಲ್ಲದವರು ಸ್ಕಿಪ್ಪರ್ ಸಮೇತವೇ ಬಾಡಿಗೆಗೆ ಹಿಡಿಯಬೇಕು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ನಮ್ಮ ಜುಲೈ ಪ್ರವಾಸ ಗೊತ್ತುಮಾಡಿಕೊಟ್ಟವರು, "ಅದು ಒಣಹವೆಯ ಕಾಲ ಸರ್, ಬೆಸ್ಟ್ ಸೀಸನ್" ಎಂದಷ್ಟೇ ಹೇಳಿದ್ದರು, ಗಾಳಿಯ ಮಾತೇ ಎತ್ತಿರಲಿಲ್ಲ. ಈಗ ನಾನು ಯಾರಿಗಾದರೂ ಮುಂಗಡ ಕೊಡುವ ಮೊದಲು ಕೇಳುವುದು ಮೂರೇ ಪ್ರಶ್ನೆ. ಎಷ್ಟು ನಾಟ್ ಗಾಳಿ ಬಂದರೆ ದೋಣಿ ಬಿಡುವುದಿಲ್ಲ? ಬಿಡದ ದಿನದ ದುಡ್ಡಿನ ಕತೆ ಏನು? ಮೂರನೇ ರಾತ್ರಿ ಲಂಗರು ಎಲ್ಲಿ? ಈ ಕೊನೆಯದಕ್ಕೆ, ನೀವು ಯಾವ ತಿಂಗಳು ಬರುತ್ತೀರಿ ಎಂದು ಕೇಳದೆಯೇ ಕೊಲ್ಲಿಯ ಹೆಸರು ಹೇಳಿಬಿಟ್ಟರೆ ಫೋನ್ ಇಟ್ಟು ಇನ್ನೊಬ್ಬರನ್ನು ಹುಡುಕಿ.